ಹಕ್ಕಿಯ ಚಿತ್ರಕ್ಕೆ ತಾರೀಖೂ ಇರಲಿ, ಊರೂ ಇರಲಿ

ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಬೀದಿಗೆ ಕಾಲಿಟ್ಟವರ ಕಿವಿಗೆ ಮೊದಲು ಬೀಳುವುದು ಉಳಿ ಸುತ್ತಿಗೆಯ ಸದ್ದು. ತಲೆಮಾರುಗಳಿಂದ ಕಲ್ಲು ಕೆತ್ತುತ್ತ ಬಂದ ಶಿಲ್ಪಿಗಳ ಊರಿದು. ಇಲ್ಲಿ ದೇವರ ಜೊತೆಗೆ ಹಕ್ಕಿಗಳೂ ಕಲ್ಲಿನಲ್ಲಿ ಮೂಡುತ್ತವೆ: ವಿಷ್ಣುವಿಗೆ ಗರುಡ, ಸುಬ್ರಹ್ಮಣ್ಯನಿಗೆ ನವಿಲು, ಸರಸ್ವತಿಗೆ ಹಂಸ, ಶನಿದೇವರಿಗೆ ಕಾಗೆ. ವಿಗ್ರಹ ನೋಡಲು, ಕೊಳ್ಳಲು ದೂರದೂರದಿಂದ ಜನ ಬರುತ್ತಾರೆ. ಆದರೆ ಕ್ಯಾಮೆರಾ ಹಿಡಿದು ಈ ಸೀಮೆಯ ಕೆರೆ ಏರಿ ಹತ್ತುವವರು ಕಡಿಮೆ. ಹಕ್ಕಿ ಚಿತ್ರ ಬೇಕೆಂದರೆ ರಂಗನತಿಟ್ಟಿಗೋ ಕಬಿನಿಗೋ ಹೋಗಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಮನೆ ಹಿಂದಿನ ಕೆರೆಯನ್ನು ವರ್ಷವಿಡೀ ನೋಡುವವನ ಚಿತ್ರಕ್ಕೆ ಇರುವ ಬೆಲೆ, ಒಂದು ದಿನ ಅಭಯಾರಣ್ಯಕ್ಕೆ ಹೋಗಿಬಂದವನ ಚಿತ್ರಕ್ಕೆ ಇಲ್ಲ. ಇವತ್ತಿನ ಕೋಲಾರಕ್ಕಂತೂ ಈ ಮಾತು ಹೆಚ್ಚು ಸಲ್ಲುತ್ತದೆ.

ಕಡಲಿಲ್ಲದ ನಾಡಿಗೆ ಕೆರೆಯೇ ಕಡಲು

ಕರಾವಳಿಯ ಮನೆಗಳಿಗೆ ಅಂಗಳದಾಚೆ ಕಡಲಿದೆ, ಅಳಿವೆಯಿದೆ. ಕೋಲಾರಕ್ಕೆ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲ. ಹಿರಿಯರು ಕಟ್ಟಿಸಿದ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳೇ ಇಲ್ಲಿನ ನೀರಿನ ಆಸರೆ. ಉತ್ತರದ ಶೀತಪ್ರದೇಶಗಳಿಂದ ಚಳಿಗಾಲ ಕಳೆಯಲು ಬರುವ ಹಕ್ಕಿಗಳು ಕಡಲತೀರವನ್ನಷ್ಟೇ ಹುಡುಕುವುದಿಲ್ಲ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ಗದ್ದೆ ಗೊರವ, ಸಿಪಿಲೆ ಬಯಲುಸೀಮೆಯ ಕೆರೆಗಳಿಗೂ ಇಳಿಯುತ್ತವೆ. ಊರಿನವೇ ಆದ ಗುಳುಮುಳುಕ, ನಾಮದ ಕೋಳಿ, ಜಂಬುಕೋಳಿ, ನೀರುಕಾಗೆ, ಮಿಂಚುಳ್ಳಿ ಸದಾ ಇದ್ದೇ ಇರುತ್ತವೆ. ಶಿಲ್ಪಿ ಕಲ್ಲಿನಲ್ಲಿ ಬಿಡಿಸುವ ಗರುಡನನ್ನು ಕೆರೆಯ ಮೇಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆಗಳೊಂದಿಗೆ, ಮೀನಿಗಾಗಿ ಸುತ್ತುತ್ತಿರುವಂತೆ ಕಾಣಬಹುದು.

ಈ ಕೆರೆಗಳ ಸ್ವಭಾವವೇ ಈಗ ಬದಲಾಗುತ್ತಿದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರಕ್ಕೆ ಹರಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮರುತಿಂಗಳೇ ಅಲ್ಲಿ ನೊರೆ ಕಂಡು ವಿವಾದ ಎದ್ದಿತು. ಪ್ರಕರಣ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ನೂರಕ್ಕೂ ಹೆಚ್ಚು ಕೆರೆಗಳನ್ನು ತುಂಬಿಸುವ ಈ ಯೋಜನೆಯಿಂದ ಬತ್ತಿದ ಕೊಳವೆಬಾವಿಗಳಿಗೆ ನೀರು ಮರಳಿತೆಂಬ ರೈತರ ಸಂತೋಷ ನಿಜ. ಎರಡೇ ಹಂತದ ಶುದ್ಧೀಕರಣ ಸಾಲದು ಎಂಬ ಆತಂಕವೂ ಅಷ್ಟೇ ನಿಜ.

ನೀರಿನ ಈ ಬದಲಾವಣೆಯನ್ನು ಹಕ್ಕಿಗಳು ಮೊದಲು ಹೇಳುತ್ತವೆ. ಮಳೆಗಾಲದಲ್ಲಿ ತುಂಬಿ ಬೇಸಿಗೆಗೆ ಒಣಗುವ ಕೆರೆಯಲ್ಲಿ ನೀರು ಹಿಂದೆ ಸರಿದಂತೆ ಕೆಸರಿನ ಅಂಚು ಅಗಲವಾಗುತ್ತದೆ. ಗೊರವಗಳು ಮೇಯುವುದು ಅಲ್ಲಿ. ಒಣಗಿದ ಅಂಗಳದಲ್ಲಿ ಟಿಟ್ಟಿಭ ಮೊಟ್ಟೆ ಇಡುತ್ತದೆ. ಕೆರೆ ವರ್ಷವಿಡೀ ತುಂಬಿಯೇ ಇದ್ದರೆ ಆ ಅಂಚು ಮುಳುಗುತ್ತದೆ, ಮೀನು ಹಿಡಿಯುವ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿಗಳಿಗೆ ಅನುಕೂಲವಾಗುತ್ತದೆ. ಮಲಿನ ನೀರನ್ನೂ ತಾಳಿಕೊಳ್ಳುವ ಮೆಟ್ಟುಗಾಲು ಹಕ್ಕಿ ದೊಡ್ಡ ಹಿಂಡಿನಲ್ಲಿ ಬಂದರೆ ಅದನ್ನೂ ಗಮನಿಸಬೇಕು. ಒಂದೇ ಏರಿಯ ಒಂದೇ ಜಾಗದಿಂದ ತಿಂಗಳು ತಿಂಗಳೂ ತೆಗೆದ, ತಾರೀಖು ಬರೆದಿಟ್ಟ ಚಿತ್ರಗಳ ಸಾಲು ಈ ಕಥೆಯನ್ನು ಸಾಕ್ಷಿ ಸಮೇತ ಹೇಳಬಲ್ಲದು. ಇದಕ್ಕೆ ದುಬಾರಿ ಲೆನ್ಸ್ ಕೂಡ ಬೇಕಿಲ್ಲ, ಮೊಬೈಲ್ ಚಿತ್ರವೂ ದಾಖಲೆಯೇ.

ಬಂಡೆಯಲ್ಲೂ ಬದುಕಿದೆ

ಕೋಲಾರದ ಕಾಡುಜೀವಿಗಳ ಇನ್ನೊಂದು ಮನೆ ಬಂಡೆ ಬೆಟ್ಟ. ಟೇಕಲ್‌ನ ಬಂಡೆಗಳು, ಅಂತರಗಂಗೆಯ ಸಾಲು ಹೊರಗಿನವರ ಕಣ್ಣಿಗೆ ಬರೀ ಕಲ್ಲು. ಆದರೆ ಕೊಂಬಿನ ಗೂಬೆ ಗೂಡು ಕಟ್ಟದೆ ಇಂಥ ಬಂಡೆಯ ಚಾಚಿನ ಮೇಲೆಯೇ ಮೊಟ್ಟೆ ಇಡುತ್ತದೆ, ಕೆಲಸ ನಿಂತ ಹಳೆಯ ಕ್ವಾರಿಗಳಲ್ಲೂ ನೆಲೆಸುತ್ತದೆ. ದಕ್ಷಿಣ ಭಾರತದ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಣದ ಹಳದಿ ಕತ್ತಿನ ಪಿಕಳಾರ, ನಂದಿಬೆಟ್ಟದಿಂದ ಆಂಧ್ರದ ಹಾರ್ಸ್ಲಿ ಬೆಟ್ಟದವರೆಗಿನ ಈ ಸೀಮೆಯ ಹಕ್ಕಿ.

1994ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದವೆಂದು ಗುರುತಿಸಿದ ಒಂದು ಬಾವಲಿಗೆ ಈ ಜಿಲ್ಲೆಯದೇ ಹೆಸರಿದೆ: ಕೋಲಾರ ಎಲೆಮೂಗಿನ ಬಾವಲಿ. ಜಿಲ್ಲೆಯ ಹನುಮನಹಳ್ಳಿಯ ಗುಹೆಯನ್ನು ಬಿಟ್ಟರೆ ಇದರ ನೆಲೆ ಬೇರೆಲ್ಲೂ ತಿಳಿದಿಲ್ಲ. ಅಳಿವಿನ ಅಂಚಿನಲ್ಲಿರುವ ಅದಕ್ಕೆ ಸುತ್ತಲಿನ ಕಲ್ಲು ಗಣಿಗಾರಿಕೆಯೇ ದೊಡ್ಡ ಆಪತ್ತು. ಉಳಿ ಹಿಡಿದು ಒಂದು ಶಿಲೆಯನ್ನು ವಿಗ್ರಹವಾಗಿಸುವ ಶಿಲ್ಪಿಯ ಕಾಯಕ ಬೇರೆ, ಇಡೀ ಬೆಟ್ಟವನ್ನೇ ಸಿಡಿಮದ್ದಿಟ್ಟು ಜಲ್ಲಿಯಾಗಿಸುವ ದಂಧೆ ಬೇರೆ. ಶಿವಾರಪಟ್ಟಣದಂಥ ಊರಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಕನ್ನಡಿಗರ ಕ್ಯಾಮೆರಾ ಪರಂಪರೆ

ವನ್ಯಜೀವಿ ಛಾಯಾಗ್ರಹಣದಲ್ಲಿ ಕರ್ನಾಟಕದ ಹೆಸರು ದೊಡ್ಡದು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಫಿಲ್ಮ್ ಕಾಲದಲ್ಲೇ ಜಗತ್ತು ಮೆಚ್ಚುವ ಚಿತ್ರಗಳನ್ನು ತೆಗೆದರು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ಹಕ್ಕಿಗಳ ಬೆನ್ನುಬಿದ್ದು, ಚಿತ್ರಗಳ ಜೊತೆಗೆ ಹಕ್ಕಿಗಳ ಕನ್ನಡ ಹೆಸರುಗಳನ್ನೂ ಓದುಗರ ಮನೆಗೆ ಮುಟ್ಟಿಸಿದರು. ಇವರೆಲ್ಲರ ಬಂಡವಾಳ ತಾಳ್ಮೆ ಮತ್ತು ಹಕ್ಕಿಯ ದಿನಚರಿಯ ತಿಳಿವಳಿಕೆ.

ಅದೇ ದಾರಿಯಲ್ಲಿ ಹೊರಡುವವರಿಗೆ ಕೆಲವು ಮಾತು. ಬೆಳಗಿನ ಮೊದಲ ಎರಡು ಗಂಟೆ ಬೆಳಕು ಮೃದುವಾಗಿರುತ್ತದೆ, ಸೂರ್ಯ ನಿಮ್ಮ ಬೆನ್ನಿಗಿರಲಿ. ಹಕ್ಕಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ, ಕಣ್ಣಿಗೇ ಫೋಕಸ್ ಮಾಡಿ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ವೇಗದ ಶಟರ್ ಬೇಕು. ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗಬೇಡಿ, ಏರಿಯ ಮೇಲೆ ಒಂದೆಡೆ ಕೂತರೆ ಅದೇ ಹತ್ತಿರ ಬರುತ್ತದೆ.

ಗೂಡಿನ ಚಿತ್ರದ ಆಸೆಯನ್ನು ಬಿಟ್ಟುಬಿಡಿ. ಟಿಟ್ಟಿಭದ ಮೊಟ್ಟೆ ಸುತ್ತಲಿನ ಬೆಣಚುಕಲ್ಲಿನ ಬಣ್ಣಕ್ಕೇ ಇರುತ್ತದೆ, ಕಾಲಿಗೆ ಸಿಕ್ಕರೆ ಮುಗಿಯಿತು. ಮನುಷ್ಯ ಗೂಡಿನ ಬಳಿ ಸುಳಿದಾಡಿದರೆ ಕಾಗೆಗೂ ಅದರ ಸುಳಿವು ಸಿಗುತ್ತದೆ. ಬಹಳಷ್ಟು ಸ್ಪರ್ಧೆಗಳು ಇಂದು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆಯುವುದೂ ಅದಕ್ಕೆ ಕೊಡುವ ಹಿಂಸೆಯೇ.

ಲೆಕ್ಕಕ್ಕೆ ಸೇರಲಿ ನಮ್ಮ ಊರು

ಊರೂರಿನ ಜನ ಬರೆದಿಟ್ಟ ಪಟ್ಟಿಗಳಿಂದ ಎಂಥ ತಿಳಿವಳಿಕೆ ಹುಟ್ಟಬಹುದು ಎಂಬುದಕ್ಕೆ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತ 2023ರ ವರದಿ ಸಾಕ್ಷಿ. 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರ ದಾಖಲೆಗಳನ್ನು ಒಟ್ಟುಗೂಡಿಸಿ 942 ಪ್ರಭೇದಗಳನ್ನು ಅದು ಪರಿಶೀಲಿಸಿತು. ನವಿಲು ಹೆಚ್ಚುತ್ತಿರುವುದು, ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿರುವುದು ತಿಳಿದದ್ದು ಹೀಗೆ. ನಮ್ಮ ಕೆರೆಯ ಪಟ್ಟಿ ಇಂಥ ಲೆಕ್ಕಕ್ಕೆ ಸೇರದಿದ್ದರೆ ಅಲ್ಲಿ ಏನು ಉಳಿಯಿತು, ಏನು ಅಳಿಯಿತು ಎಂಬುದು ಯಾರಿಗೂ ತಿಳಿಯದೆ ಹೋಗುತ್ತದೆ.

ಪ್ರತಿವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಮನೆ ಸುತ್ತಲಿನ ಹಕ್ಕಿಗಳ ಗಣತಿ ನಡೆಯುತ್ತದೆ. ಹದಿನೈದು ನಿಮಿಷ ಒಂದೆಡೆ ನಿಂತು, ಕಂಡ ಹಕ್ಕಿಗಳನ್ನು ಎಣಿಸಿ, ಇಬರ್ಡ್ ಎಂಬ ಉಚಿತ ಆ್ಯಪ್‌ನಲ್ಲಿ ದಾಖಲಿಸಿದರೆ ಸಾಕು. ಶಿವಾರಪಟ್ಟಣ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಶಾಲೆಗಳ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಈ ಸಲ ಊರ ಕೆರೆ ಏರಿಗೆ ಹೋಗಲಿ. ಕ್ಯಾಮೆರಾ ಇರುವ ಯುವಕರು ಅವರ ಜೊತೆಗೂಡಲಿ. ತೆಗೆದ ಪ್ರತಿ ಚಿತ್ರಕ್ಕೂ ತಾರೀಖು, ಕೆರೆಯ ಹೆಸರು ಬರೆದಿಡಿ. ನಾಳೆ ಈ ಕೆರೆಗಳ ಪರವಾಗಿ ಮಾತಾಡಬೇಕಾಗಿ ಬಂದಾಗ ಆ ದಾಖಲೆಯೇ ನಮ್ಮ ಕೈಲಿರುವ ಆಧಾರ.