ನಿಮಗಿದು ಗೊತ್ತೇ? ಹಲಕುಂದಿಯ ಹೊತ್ತು, ಪಂಚಾಂಗದ ಲೆಕ್ಕ

● ಗಡಿಯಾರದಲ್ಲಿ 12 ಹೊಡೆದಾಗ ಬಳ್ಳಾರಿ ಪಕ್ಕದ ಹಲಕುಂದಿಯಲ್ಲಿ ಇನ್ನೂ ನಡುಹಗಲಾಗಿರುವುದಿಲ್ಲ! ಭಾರತದ ವೇಳೆ 82.5 ಡಿಗ್ರಿ ರೇಖಾಂಶದ್ದು. ಹಲಕುಂದಿ ಇರುವುದು 77ರ ಆಸುಪಾಸಿನಲ್ಲಿ. ಡಿಗ್ರಿಗೆ 4 ನಿಮಿಷದಂತೆ, ಇಲ್ಲಿ ನಡುಹಗಲಾಗುವುದು ಸರಾಸರಿ 12.22ಕ್ಕೆ. ನವೆಂಬರ್ ಮೊದಲ ವಾರ 12.06ರ ಹೊತ್ತಿಗೇ ಆಗುತ್ತದೆ, ಫೆಬ್ರವರಿಯಲ್ಲಿ 12.36ರವರೆಗೂ ಕಾಯಬೇಕು.

● ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುವುದು ವರ್ಷಕ್ಕೆರಡೇ ಸಲ: ಮೇ 1 ಮತ್ತು ಆಗಸ್ಟ್ 11ರ ಸುಮಾರಿಗೆ. ಆಗ ನೆಟ್ಟ ಕೋಲಿಗೆ ನೆರಳೇ ಇರದು.

● ಸೋಮವಾರದ ರಾಹುಕಾಲ 7.30ರಿಂದ 9 ಎಂದು ಬಾಯಿಪಾಠ ಮಾಡಿದ್ದೀರಾ? ಅದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಶಾಸ್ತ್ರದ ಪ್ರಕಾರ ಹಗಲನ್ನು ಎಂಟು ಪಾಲು ಮಾಡಬೇಕು. ಸೋಮವಾರದ್ದು ಎರಡನೆಯ ಪಾಲು. ಸಂಕ್ರಾಂತಿ ಹೊತ್ತಿಗೆ ಹಲಕುಂದಿಯಲ್ಲಿ ಸೂರ್ಯ ಹುಟ್ಟುವುದು 6.50 ದಾಟಿದ ಮೇಲೆ, ಮುಳುಗುವುದು 6.11ಕ್ಕೆ. ಹಾಗಾಗಿ ಅಲ್ಲಿನ ರಾಹುಕಾಲ ಸುಮಾರು 8.16ರಿಂದ 9.41. ಮುಕ್ಕಾಲು ಗಂಟೆ ವ್ಯತ್ಯಾಸ! ಪಂಚಾಂಗ ನೋಡುವವರು ಮೊದಲು ತಮ್ಮೂರಿನ ಸೂರ್ಯೋದಯ ನೋಡಲೇಬೇಕು.

● ಹಿಂದೆ ಮದುವೆ ಮುಹೂರ್ತಕ್ಕೆ ಗಳಿಗೆ ಬಟ್ಟಲು ಇಡುತ್ತಿದ್ದರು. ತಳದಲ್ಲಿ ಸಣ್ಣ ತೂತಿನ ತಾಮ್ರದ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ತುಂಬಿ ಮುಳುಗಲು ಒಂದು ಗಳಿಗೆ, ಅಂದರೆ 24 ನಿಮಿಷ. ದಿನಕ್ಕೆ 60 ಗಳಿಗೆ. ಗಳಿಗೆಗೆ 60 ವಿಗಳಿಗೆ, ವಿಗಳಿಗೆಗೆ 6 ಪ್ರಾಣ. ಒಂದು ಪ್ರಾಣವೆಂದರೆ 4 ಸೆಕೆಂಡು, ಒಂದು ಉಸಿರಿನ ಹೊತ್ತು. ಹೀಗೆ ದಿನಕ್ಕೆ 21,600 ಪ್ರಾಣ. ಡಿಗ್ರಿಗೆ 60 ಕಲೆಯಂತೆ ವೃತ್ತದ 360 ಡಿಗ್ರಿಗೂ ಅಷ್ಟೇ ಕಲೆಗಳು! ಎಷ್ಟು ಚೆಂದದ ಹೊಂದಾಣಿಕೆ.

● ತಿಥಿ 24 ಗಂಟೆಯದಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿದರೆ ಒಂದು ತಿಥಿ. ಅದಕ್ಕೆ 19 ಗಂಟೆಯೂ ಸಾಕಾದೀತು, 26 ಗಂಟೆಯೂ ಬೇಕಾದೀತು. ಒಂದೂ ಸೂರ್ಯೋದಯ ಕಾಣದೆ ಮುಗಿದುಹೋದರೆ ಅದೇ ಕ್ಷಯ ತಿಥಿ.

● ಬಳ್ಳಾರಿಯಲ್ಲೂ ಗಡಿಯಾಚೆಯ ಆಂಧ್ರದಲ್ಲೂ ತಿಂಗಳು ಮುಗಿಯುವುದು ಅಮಾವಾಸ್ಯೆಗೆ, ಉತ್ತರ ಭಾರತದಲ್ಲಿ ಹುಣ್ಣಿಮೆಗೆ. ತುಳುನಾಡಿನ ಹೊಸ ವರ್ಷ ಬಿಸುವಿಗೆ ಸೂರ್ಯನೇ ಆಧಾರ.

● ಅಧಿಕ ಮಾಸ ಸುಮಾರು 32 ತಿಂಗಳಿಗೊಮ್ಮೆ ಬರುತ್ತದೆ. ಕ್ಷಯ ಮಾಸ ಬಲು ಅಪರೂಪ: 1982–83ರಲ್ಲಿ ಬಂದಿತ್ತು, ಮುಂದಿನದು 2123ರಲ್ಲಿ.

● ದಿನದ ನಕ್ಷತ್ರ ಚಂದ್ರನದು, ಮಳೆಯ ನಕ್ಷತ್ರ ಸೂರ್ಯನದು! ಸೂರ್ಯ ಒಂದು ನಕ್ಷತ್ರ ದಾಟಲು ಹದಿಮೂರು-ಹದಿನಾಲ್ಕು ದಿನ. ಅದಕ್ಕೇ ಮಳೆ ನಕ್ಷತ್ರಗಳು ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಕೂಡುತ್ತವೆ: ರೋಹಿಣಿ ಮೇ 25ಕ್ಕೆ, ಆರಿದ್ರಾ ಜೂನ್ 22ಕ್ಕೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಎನ್ನುತ್ತದೆ ಗಾದೆ. ಎರೆ ಹೊಲದವರು ಹಿಂಗಾರಿ ಬಿಳಿಜೋಳ ಬಿತ್ತಲು ಕಾಯುವುದು ಮಾತ್ರ ಸೆಪ್ಟೆಂಬರ್ ನಡುವೆ ಕೂಡುವ ಉತ್ತರಾ ಮಳೆಗೆ, ಅದರ ಬೆನ್ನಿಗೇ ಬರುವ ಹಸ್ತಾ ಮಳೆಗೆ.