ನಿಮಗಿದು ಗೊತ್ತೆ? ಪ್ರಜ್ಞೆಗೂ ಅಂಕವಿದೆ!

ತಲೆಗೆ ಪೆಟ್ಟು ಬಿದ್ದವರನ್ನು ಆಂಬುಲೆನ್ಸ್ ಸಿಬ್ಬಂದಿ (ಇಎಂಟಿ) ‘ನಿಮ್ಮ ಹೆಸರೇನು? ಇದು ಯಾವ ಊರು? ಈಗ ಯಾವ ತಿಂಗಳು?’ ಎಂದು ಕೇಳುವುದನ್ನು ನೋಡಿ ‘ಮೊದಲು ಗಾಡಿ ಹೊರಡಿಸಿ’ ಎಂದು ಜನ ರೇಗುವುದುಂಟು. ದಯವಿಟ್ಟು ತಡೆಯಬೇಡಿ, ಅದೂ ಚಿಕಿತ್ಸೆಯ ಭಾಗವೇ.

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ನರಶಸ್ತ್ರಚಿಕಿತ್ಸಕರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ 1974ರಲ್ಲಿ ಪ್ರಕಟಿಸಿದ ‘ಗ್ಲಾಸ್ಗೋ ಕೋಮಾ ಸ್ಕೇಲ್’ ಇದರ ಮೂಲ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕ. ಏನೂ ಸ್ಪಂದಿಸದಿದ್ದರೂ 3 ಸಿಗುತ್ತದೆ. ಇಲ್ಲಿ ಸೊನ್ನೆಯೇ ಇಲ್ಲ. ಕರೆದರೆ ಓಗೊಡದಿದ್ದಾಗ ಬೆರಳಿನ ಉಗುರನ್ನು ಪೆನ್ನಿನಿಂದ ಒತ್ತಿ, ಕೈ ಹಿಂದೆಳೆದುಕೊಳ್ಳುತ್ತಾರೆಯೇ ಎಂದು ನೋಡುತ್ತಾರೆ. ಅಂಕ 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಗಂಭೀರ: ನಾಲಿಗೆ ಹಿಂದಕ್ಕೆ ಜಾರಿ ಉಸಿರು ಕಟ್ಟುವ ಅಪಾಯವಿರುತ್ತದೆ.

ಒಂದು ಸಲದ ಅಂಕಕ್ಕಿಂತ ಅದರ ಇಳಿಕೆಯೇ ಹೆಚ್ಚು ಹೇಳುತ್ತದೆ. ಸ್ಥಳದಲ್ಲಿ 14 ಇದ್ದದ್ದು ದಾರಿಯಲ್ಲಿ 11ಕ್ಕೆ ಬಂದರೆ ತಲೆಯೊಳಗೆ ರಕ್ತಸ್ರಾವವಾಗುತ್ತಿರಬಹುದು. ಆದ್ದರಿಂದಲೇ ಮತ್ತೆ ಮತ್ತೆ ಅದೇ ಪ್ರಶ್ನೆ.

ಜೊತೆಗೆ ಬೆರಳು ಚುಚ್ಚಿ ಸಕ್ಕರೆ ಅಂಶವನ್ನೂ ನೋಡುತ್ತಾರೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದವರು ತೊದಲುತ್ತಾರೆ, ತೂರಾಡುತ್ತಾರೆ. ‘ಕುಡಿದಿದ್ದಾನೆ’ ಎಂದು ರಸ್ತೆಬದಿಯಲ್ಲಿ ಬಿಟ್ಟುಹೋಗುವ ಮುನ್ನ 108ಕ್ಕೆ ಕರೆ ಮಾಡಿ.