ಕಾಲುವೆಯ ಗುಂಟ ಸೈಕಲ್ ಸವಾರಿ

ಸೈಕಲ್ಲನ್ನೇರಿ ನಾಡು ನೋಡಲು ಹೊರಡುವವನಿಗೆ ವೈರಿಗಳು ಇಬ್ಬರು: ಒಂದು ಇದಿರುಗಾಳಿ, ಇನ್ನೊಂದು ಏರು. ಗಾಳಿಗೆ ಮದ್ದಿಲ್ಲ. ಏರಿಗೆ ಮಾತ್ರ ಒಂದು ಮದ್ದುಂಟು. ಕಾಲುವೆಯ ದಂಡೆಯನ್ನು ಹಿಡಿಯುವುದೇ ಆ ಮದ್ದು. ನೀರಿಗೆ ಏರುವುದು ತಿಳಿಯದು. ಆದುದರಿಂದ ಅದನ್ನು ಹೊತ್ತೊಯ್ಯುವ ಕಾಲುವೆಯೂ ಗುಡ್ಡ ಅಡ್ಡಬಂದಲ್ಲಿ ಬಳಸಿಕೊಂಡು, ಹಳ್ಳ ಎದುರಾದಲ್ಲಿ ಮೇಲ್ಗಾಲುವೆಯಾಗಿ ದಾಟಿಕೊಂಡು, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ಸಾಗುತ್ತದೆ. ದಾರಿ ಕೊಂಚ ಉದ್ದವಾದೀತು. ಏದುಸಿರು ಬಿಡುವ ಪ್ರಸಂಗ ಬಾರದು.

ಈ ಗುಟ್ಟನ್ನು ಫ್ರಾನ್ಸಿನ ಜನ ಚೆನ್ನಾಗಿ ಬಲ್ಲರು. ಅಲ್ಲಿನ ದಕ್ಷಿಣ ಸೀಮೆಯಲ್ಲಿ ತುಲೂಸ್ ನಗರದಿಂದ ಮೆಡಿಟರೇನಿಯನ್ ಕರಾವಳಿಯವರೆಗೆ ಸುಮಾರು 240 ಕಿಲೋಮೀಟರ್ ಉದ್ದದ ಒಂದು ಕಾಲುವೆಯಿದೆ. ಪಿಯೇರ್ ಪೋಲ್ ರಿಕೆ ಎಂಬ ಉಪ್ಪಿನ ತೆರಿಗೆಯ ಗುತ್ತಿಗೆದಾರ 1666ರಲ್ಲಿ ಆರಂಭಿಸಿದ ಈ ಕೆಲಸ 1681ರಲ್ಲಿ ಮುಗಿಯಿತು. ಪಾಪ, ಆತ ಅದಕ್ಕೆ ಕೆಲವೇ ತಿಂಗಳು ಮುನ್ನ ತೀರಿಕೊಂಡಿದ್ದ. ಕುದುರೆಗಳು ಹಗ್ಗ ಕಟ್ಟಿ ದೋಣಿ ಎಳೆಯುತ್ತಿದ್ದ ದಂಡೆಯ ಹಾದಿಯಲ್ಲಿ ಇಂದು ಪ್ರವಾಸಿಗಳ ಸೈಕಲ್ಲುಗಳು ಓಡುತ್ತವೆ. ಎರಡು ಕಡೆಗೂ ದ್ರಾಕ್ಷಿಯ ತೋಟಗಳು. ಊರಿಗೊಂದರಂತೆ ದ್ರಾಕ್ಷಾರಸದ ನೆಲಮಾಳಿಗೆಗಳು. ಸರಕು ಸಾಗಣೆ ನಿಂತುಹೋದ ಮೇಲೆ ಆ ಕಾಲುವೆಗೆ ವಿಹಾರವೇ ಉದ್ಯೋಗವಾಯಿತು. 1996ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಂಥ ಸವಾರಿಗೆ ಕನ್ನಡಿಗ ಫ್ರಾನ್ಸಿಗೇ ಹೋಗಬೇಕೆಂದಿಲ್ಲ. ಕೃಷ್ಣೆ ಭೀಮೆಯರ ನಡುವಣ ಸಗರನಾಡಿನಲ್ಲಿ, ಸುರಪುರ ಶಹಾಪುರಗಳ ಸೀಮೆಯಲ್ಲಿ ಅದಕ್ಕೆ ಬೇಕಾದ ಕಾಲುವೆಯೂ ಇದೆ, ದಂಡೆಯೂ ಇದೆ. ದ್ರಾಕ್ಷಿ ಮಾತ್ರ ಇಲ್ಲಿಯದಲ್ಲ. ಅದು ವಿಜಯಪುರದ ಕಡೆಯ ಸಂಪತ್ತು. ಇಲ್ಲಿ ದಂಡೆಯ ಕೆಳಗೆ ಕಾಣುವುದು ಭತ್ತ, ಹತ್ತಿ, ಮೆಣಸಿನಕಾಯಿ, ತೊಗರಿ. ಇನ್ನೂ ಒಂದು ಅಂತರವುಂಟು, ಅದೇ ಮುಖ್ಯವಾದುದು. ಫ್ರಾನ್ಸಿನದು ದುಡಿದು ನಿವೃತ್ತವಾದ ಕಾಲುವೆ. ನಮ್ಮದು ಇಂದಿಗೂ ದುಡಿಯುತ್ತಿರುವ ಕಾಲುವೆ. ಅದರ ದಂಡೆಯ ಮೇಲೆ ಸೈಕಲ್ ಬಿಡುವವನು ಇನ್ನೊಬ್ಬರ ಹೊಟ್ಟೆಪಾಡಿನ ಅಂಗಳದಲ್ಲಿ ಹಾದುಹೋಗುತ್ತಿರುತ್ತಾನೆ.

ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದವರು ಲಾಲ್ ಬಹಾದ್ದೂರ್ ಶಾಸ್ತ್ರಿಯವರು. ಕೆಲವೇ ದಿನಗಳಲ್ಲಿ ಅವರು ಪ್ರಧಾನಮಂತ್ರಿಗಳಾದರು. ಯೋಜನೆಯ ನೀರು ಹೊಲ ಸೇರಲು ಮಾತ್ರ ವರ್ಷಗಳೇ ಹಿಡಿದವು. ಆಲಮಟ್ಟಿಯ ಕೆಳಗೆ ನಾರಾಯಣಪುರದಲ್ಲಿ ಹತ್ತು ಕಿಲೋಮೀಟರಿಗೂ ಮಿಕ್ಕಿದ ಉದ್ದದ ಅಣೆಕಟ್ಟು 1982ರಲ್ಲಿ ಸಿದ್ಧವಾಯಿತು. ಅದರ ಹಿಂದಿನ ಜಲರಾಶಿಗೆ ಬಸವಸಾಗರವೆಂದು ಹೆಸರು. ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ ಸುಮಾರು 78 ಕಿಲೋಮೀಟರ್ ಉದ್ದವಿದ್ದು, ಶಹಾಪುರ, ಜೇವರ್ಗಿ, ಮುಡಬಾಳ, ಇಂಡಿ ಎಂಬ ಶಾಖೆಗಳಿಗೆ ನೀರೂಡುತ್ತದೆ. ಶಾಖೆಯಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಕೊನೆಗೆ ಹೊಲಗಾಲುವೆ. ಮೈಯೊಳಗಣ ನರಗಳ ಹಾಗೆ ಇದರ ಹರವು.

ಸವಾರ ಯಾದಗಿರಿಯಿಂದ ಹೊರಟು ಅಣೆಕಟ್ಟಿಗೆ ಹೋಗಬಹುದು. ಅಣೆಕಟ್ಟಿನಿಂದ ಯಾದಗಿರಿಗೂ ಬರಬಹುದು. ಎರಡನೆಯದೇ ಮೇಲು. ಬಸವಸಾಗರದ ಪೂರ್ಣಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್, ಯಾದಗಿರಿ ಪಟ್ಟಣದ ಎತ್ತರ ಸುಮಾರು 390 ಮೀಟರ್. ನೂರು ಮೀಟರಿನ ಈ ಇಳಿತ ಎರಡು ಮೂರು ದಿನಗಳ ದಾರಿಯಲ್ಲಿ ಹರಡಿಕೊಂಡಿರುವುದರಿಂದ ಕಾಲಿಗೆ ಶ್ರಮವಾಗದು. ಅದಕ್ಕಿಂತ ಮಿಗಿಲಾದ ಕಾರಣವೊಂದುಂಟು. ನೀರಿನ ಜತೆಯಲ್ಲೇ ಹೊರಟವನಿಗೆ ಅದು ಎಲ್ಲೆಲ್ಲಿ ತಿರುಗಿತು, ಯಾರಿಗೆ ದಕ್ಕಿತು, ಎಲ್ಲಿ ಸೋತಿತು ಎಂಬುದೆಲ್ಲ ತಾನಾಗಿ ಕಾಣುತ್ತದೆ. ಮೋಟಾರಿನ ವೇಗದಲ್ಲಿ ಇದು ಕಾಣುವುದಿಲ್ಲ.

ನಾರಾಯಣಪುರದ ಬಳಿ ಕೃಷ್ಣೆಯ ದಡದ ಛಾಯಾಭಗವತಿ ದೇಗುಲವನ್ನು ಕಂಡು ಹೊರಟವನಿಗೆ ಮೊದಲು ಎದುರಾಗುವುದು ತುಂಬಿದ ಕಾಲುವೆ. ದಂಡೆಯ ರಸ್ತೆ ನೀರಾವರಿ ಇಲಾಖೆಯ ಜೀಪುಗಳಿಗೆಂದು ಮಾಡಿದ್ದು. ಕೆಲವೆಡೆ ಗರಸು, ಕೆಲವೆಡೆ ಬರಿಯ ಎರೆಮಣ್ಣು. ಮಳೆ ಬಿದ್ದರೆ ಈ ಮಣ್ಣು ಚಕ್ರಕ್ಕೆ ಅಂಟಿಕೊಂಡು ಸೈಕಲ್ಲನ್ನು ಹೆಗಲ ಮೇಲೆ ಹೊರುವ ಪರಿಸ್ಥಿತಿ ತಂದಿಡುತ್ತದೆ. ಒಣಗಿದ್ದಾಗ ಬಳ್ಳಾರಿ ಜಾಲಿಯ ಮುಳ್ಳಿನ ಕಾಟ. ಪಂಕ್ಚರ್ ಹಾಕುವ ಸಾಮಾನು, ಕೈಪಂಪು, ಒಂದೆರಡು ಟ್ಯೂಬು ಚೀಲದಲ್ಲಿರಲೇಬೇಕು. ಇದಕ್ಕೆಲ್ಲ ನವೆಂಬರಿನಿಂದ ಜನವರಿಯವರೆಗಿನ ಕಾಲ ಪ್ರಶಸ್ತ. ಒಂದು ಎಚ್ಚರಿಕೆಯ ಮಾತು: ಕಾಲುವೆಯ ಗೋಡೆ ನುಣುಪು, ಇಳಿಜಾರು ಕಡಿದು, ಸೆಳವು ಬಲು ಬಿರುಸು. ಈಜು ಬಲ್ಲವನೂ ಬಿದ್ದರೆ ಹತ್ತಿ ಬರುವುದು ಕಷ್ಟ. ಮಕ್ಕಳನ್ನು ಕರೆದೊಯ್ದವರು ಅಂಚಿನಲ್ಲಿ ಸವಾರಿ ಮಾಡಿಸದೆ ಊರ ರಸ್ತೆಯನ್ನೇ ಹಿಡಿಯುವುದು ಲೇಸು.

ಹುಣಸಗಿಯ ಕಣಿವೆಗೆ ಬಂದಾಗ ಒಂದು ಹೊತ್ತು ಇಳಿದು ನಿಲ್ಲಬೇಕು. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಕ್ತನ ವಿದ್ವಾಂಸರಾದ ಕೆ. ಪದ್ದಯ್ಯನವರು ದಶಕಗಳ ಕಾಲ ಅಲೆದು ಹಳೆಯ ಶಿಲಾಯುಗದ ನೆಲೆಗಳನ್ನು ಗುರುತಿಸಿದ್ದು ಇಲ್ಲಿಯೇ. ಇಸಾಂಪುರದಲ್ಲಿ ಸುಣ್ಣಗಲ್ಲಿನಿಂದ ಕೈಗೊಡಲಿಗಳನ್ನು ತಯಾರಿಸುತ್ತಿದ್ದ ಆದಿಮಾನವರ ಕಾರ್ಯಾಗಾರವೊಂದು ಅಗೆತದಲ್ಲಿ ದೊರಕಿತು. ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಲೆಕ್ಕ ಹಾಕಿದ್ದಾರೆ. ಅವರೇಕೆ ಈ ಕಣಿವೆಯಲ್ಲಿ ನೆಲೆಸಿದರು? ಬೇಸಿಗೆಯಲ್ಲೂ ಬತ್ತದ ಒರತೆಗಳು ಇಲ್ಲಿದ್ದವೆಂಬುದೇ ಪದ್ದಯ್ಯನವರ ಉತ್ತರ. ನೀರಿದ್ದಲ್ಲಿ ಬಿಡಾರ ಹೂಡುವ ಮನುಷ್ಯನ ಚಾಳಿ ಅಂದಿನದೇ. ಇಂದು ಇದೇ ಸೀಮೆಯಲ್ಲಿ ‘ಕ್ಯಾಂಪು’ಗಳೆಂಬ ಹೊಸ ಊರುಗಳಿವೆ, ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದು ಭತ್ತ ಬೆಳೆದ ಕುಟುಂಬಗಳವು.

ಸುರಪುರಕ್ಕೆ ಹೋಗಲು ದಂಡೆಯನ್ನು ಬಿಟ್ಟು ರಸ್ತೆಗೆ ತಿರುಗಬೇಕು. ಬೆಟ್ಟಗಳ ಮಡಿಲಲ್ಲಿ ಅಡಗಿದ ನಾಯಕರ ಈ ರಾಜಧಾನಿಯಲ್ಲಿ 1858ರಲ್ಲಿ ಬ್ರಿಟಿಷರಿಗೆ ಇದಿರಾಗಿ ನಿಂತ ರಾಜಾ ವೆಂಕಟಪ್ಪ ನಾಯಕರ ಕಥೆ ಎಲ್ಲರಿಗೂ ಗೊತ್ತು. ಅವರ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಕಟ್ಟಿಸಿದ ಬಂಗಲೆ ಗುಡ್ಡದ ಮೇಲಿದೆ. ಸೈಕಲ್ ಸವಾರನಿಗೆ ಇವೆರಡಕ್ಕಿಂತ ಹಿತವಾದ ತಾಣ ಹತ್ತಿರದ ಬೋನಾಳ ಕೆರೆ. ಸುರಪುರದ ಅರಸರ ಕಾಲದ ಈ ಕೆರೆ ಈಗ ಪಕ್ಷಿಧಾಮ. ಚಳಿಗಾಲದಲ್ಲಿ ದೂರದ ಹಕ್ಕಿಗಳು ಬಂದಿಳಿಯುತ್ತವೆ. ಕಾಲುವೆ ಬರುವ ಮುನ್ನ ಈ ನಾಡು ನೀರನ್ನು ಕೂಡಿಡುತ್ತಿದ್ದುದು ಹೀಗೆ. ಕೆರೆಗೆ ಒಂದು ಗುಣವುಂಟು: ಅದರ ನೀರು ಎಷ್ಟಿದೆಯೆಂದು ಊರಿನವರಿಗೆಲ್ಲ ಕಾಣುತ್ತಿತ್ತು.

ಕಾಲುವೆಯಲ್ಲಿ ಹಾಗಲ್ಲ. ಮೇಲಿನ ಊರಿನಲ್ಲಿ ಗೇಟು ಎಷ್ಟು ತೆರೆದಿದೆಯೆಂಬುದು ಕೆಳಗಿನ ಊರಿಗೆ ಕಾಣದು. ಈ ಯೋಜನೆಯಲ್ಲಿ ಹೆಚ್ಚು ನೆಲಕ್ಕೆ ಮಿತವಾದ ನೀರು ಕೊಡಬೇಕು, ಕಡಿಮೆ ನೀರು ಬೇಡುವ ಬೆಳೆಗಳನ್ನು ಬೆಳೆಯಬೇಕು ಎಂಬುದು ಮೂಲದ ಎಣಿಕೆ. ಕಾಲುವೆಯ ತಲೆಭಾಗದಲ್ಲಿ ಭತ್ತ ನಿಂತಿತು. ಭತ್ತಕ್ಕೆ ಗದ್ದೆಯಲ್ಲಿ ನೀರು ನಿಲ್ಲಬೇಕು. ಫಲವಾಗಿ ಶಹಾಪುರದ ಆಚೆ, ವಡಗೇರಾ ಕಡೆಯ ಕೊನೆಯಂಚಿನ ಹಳ್ಳಿಗಳಿಂದ ನೀರು ತಲುಪಲಿಲ್ಲವೆಂಬ ಕೂಗು ವರ್ಷವರ್ಷವೂ ಏಳುತ್ತದೆ. ವಾರಾಬಂದಿಯೆಂಬ ಪಾಳಿಯ ಪದ್ಧತಿ ಇದೆ. ಗೇಟುಗಳನ್ನು ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ಯಂತ್ರವ್ಯವಸ್ಥೆಯೂ ಈ ಎಡದಂಡೆಗೆ ಬಂದಿದೆ. ಯಂತ್ರ ನೀರನ್ನು ಅಳೆಯಬಲ್ಲದು. ಮೇಲಿನವನು ಭತ್ತ ಬಿಟ್ಟು ತೊಗರಿ ಬಿತ್ತಬೇಕೆಂದರೆ ಅವನಿಗೂ ತೊಗರಿಯಲ್ಲಿ ಅಷ್ಟೇ ಹಣ ಕಾಣಬೇಕಷ್ಟೆ.

ಸವಾರ ಇದನ್ನು ಯಾರನ್ನೂ ಕೇಳದೆ ತಿಳಿಯಬಲ್ಲ. ಬೆಳಿಗ್ಗೆ ಹಸಿರು ಗದ್ದೆಯ ನಡುವೆ ಹೊರಟವನಿಗೆ ಮರುದಿನದ ಸಂಜೆಗೆ ಹೊಲಗಾಲುವೆಯಲ್ಲಿ ಹುಲ್ಲು ಕಾಣುತ್ತದೆ, ಮುಂದೆ ಹೂಳು, ಅದರಾಚೆ ಮಳೆಯನ್ನೇ ನಂಬಿದ ತೊಗರಿಹೊಲ. ಆದರೂ ಆದರಕ್ಕೆ ಈ ತುದಿಯಲ್ಲಿ ಬರವಿಲ್ಲ. ‘ಬರ್ರಿ ಸರ, ಕೂಡ್ರಿ, ಚಾ ಕುಡೀರಿ’ ಎಂಬ ಕರೆ ತಲೆಭಾಗದಲ್ಲೂ ಅದೇ, ಕೊನೆಯಂಚಿನಲ್ಲೂ ಅದೇ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಸಿಕ್ಕಿದರಂತೂ ಫ್ರಾನ್ಸಿನ ದ್ರಾಕ್ಷಾರಸದ ನೆನಪು ಬರಲಿಕ್ಕಿಲ್ಲ.

ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟವನ್ನು ನೋಡದೆ ಯಾರೂ ಹೋಗರು. ಗುಡ್ಡಗಳ ಸಾಲೇ ದೂರದಿಂದ ಮಲಗಿದ ಬುದ್ಧನಾಗುತ್ತದೆ; ಬಸ್ಸಿನ ಕಿಟಕಿಯಲ್ಲಿ ಒಂದು ಕ್ಷಣ ಕಂಡು ಮರೆಯಾಗುವ ಈ ನೋಟ ಸೈಕಲ್ಲಿನವನಿಗೆ ಬಹಳ ಹೊತ್ತು ಒದಗುತ್ತದೆ. ಪುರಸೊತ್ತಿದ್ದವರು ಗೋಗಿಗೂ ಹೋಗಬಹುದು. ವಿಜಯಪುರದ ಆದಿಲಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಶಾಹನ ಗೋರಿ ಇರುವುದು ಈ ಸಣ್ಣ ಊರಿನಲ್ಲಿ.

ಅಲ್ಲಿಂದ ಯಾದಗಿರಿಗೆ ನೇರ ರಸ್ತೆ. ಭೀಮೆಯ ಸೇತುವೆ ದಾಟುತ್ತಲೇ ಕೋಟೆಯ ಬೆಟ್ಟ ಇದಿರಾಗುತ್ತದೆ. 2009ರ ಡಿಸೆಂಬರಿನಲ್ಲಿ ಜಿಲ್ಲೆಯ ಕೇಂದ್ರವಾದ ಈ ಊರು ಮುಂಬಯಿ–ಚೆನ್ನೈ ರೈಲುಮಾರ್ಗದ ಮೇಲಿರುವುದು ಸವಾರನಿಗೆ ಅನುಕೂಲ. ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿ ಸೈಕಲ್ಲನ್ನು ರೈಲಿಗೆ ಹಾಕಬಹುದು. ಸುಗ್ಗಿ ಮುಗಿದ ದಿನಗಳಾದರೆ ಪ್ಲಾಟ್‌ಫಾರಂ ಮೇಲೆ ಗಂಟುಮೂಟೆ, ಪಾತ್ರೆ, ಮಕ್ಕಳೊಡನೆ ಕುಳಿತ ಸಂಸಾರಗಳು ಕಾಣುತ್ತವೆ. ಮುಂಬಯಿ, ಪುಣೆ, ಬೆಂಗಳೂರುಗಳಿಗೆ ಗುಳೆ ಹೊರಟವರು ಅವರು. ಯಾವ ಊರಿನವರೆಂದು ಕೇಳಿದರೆ ಹೆಸರು ಹೇಳುತ್ತಾರೆ. ಮೂರು ದಿನ ಕಾಲುವೆಯ ಗುಂಟ ಬಂದವನಿಗೆ ಆ ಊರಿಗೆ ನೀರು ಬಂದಿದೆಯೋ ಇಲ್ಲವೋ ಎಂದು ಮತ್ತೆ ಕೇಳಬೇಕಾಗುವುದಿಲ್ಲ.